ಹಗೇವಿನಿಂದ ಎಳೆದ ಖಾಲಿ ಬಕೀಟು

ಕೃಷ್ಣೆಯ ದಂಡೆಯಲ್ಲಿ ಹುಟ್ಟಿ, ಜೋಳದ ರೊಟ್ಟಿ ತಿಂದೇ ಬೆಳೆದು, ನಡುವಯಸ್ಸಿನಲ್ಲಿ ಅದನ್ನು ಪೂರ್ತಿ ಬಿಟ್ಟವರು ನಾನು ಕಂಡಂತೆ ಒಬ್ಬರೇ. ಅವರು ಜಮಖಂಡಿಯಲ್ಲಿ ನಮ್ಮ ಓಣಿಯಲ್ಲಿದ್ದ ಪಾಂಡುರಂಗ ಮಾಸ್ತರರು. ಅವರ ಹೆಂಡತಿ ರಾಧಾಬಾಯಿ ಮನೆಯಲ್ಲಿ ಸಜ್ಜೆಯ ರೊಟ್ಟಿ ಬಡಿಯುತ್ತಿದ್ದರು, ಸಜ್ಜೆ ಸಿಗದಿದ್ದರೆ ಗೋಧಿಯ ಚಪಾತಿ. ಊಟಕ್ಕೆ ಕರೆದವರ ಮನೆಯಲ್ಲಿ ಬಿಸಿ ರೊಟ್ಟಿ ಹಾಕಲು ಬಂದರೆ ಮಾಸ್ತರರು ತಾಟಿನ ಮೇಲೆ ಕೈ ಅಡ್ಡ ಹಿಡಿದು, "ಹೊಟ್ಟಿಗೆ ಆಗಿಬರೂದಿಲ್ರಿ" ಎನ್ನುತ್ತಿದ್ದರು. ಹೊಟ್ಟೆಯ ಮಾತು ನಿಜವಲ್ಲ. ಮೊದಲು ಅವರು ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಜೊತೆ ರೊಟ್ಟಿಯ ಮೇಲೆ ರೊಟ್ಟಿ ತಿನ್ನುತ್ತಿದ್ದ ಮನುಷ್ಯ. ಜೋಳ ಬಿಟ್ಟದ್ದು, ರನ್ನ ಬೆಳಗಲಿಯಲ್ಲಿ ಜೋಳ ತುಂಬಿಡುವ ಒಂದು ಹಗೇವಿನ ಬಾಯಲ್ಲಿ ಕರೆಪ್ಪನೆಂಬವನ ನಡು ಹಿಡಿದು ನಿಲ್ಲಿಸಿದ ದಿನದಿಂದ. ಆ ಕರೆಪ್ಪ ಮತ್ತೊಮ್ಮೆ ತಮ್ಮೊಂದಿಗೆ ಮಾತಾಡಬೇಕು ಎಂಬುದೊಂದೇ ಅವರಿಗೆ ಉಳಿದಿದ್ದ ಆಸೆ.

ನಾನು ಇದನ್ನೆಲ್ಲ ಹೆಚ್ಚಾಗಿ ರಾಧಾಬಾಯಿಯವರಿಂದ ಕೇಳಿದ್ದೇನೆ. ಕಾರ್ತಿಕ ಬಂತೆಂದರೆ ನಾವಿಬ್ಬರೂ ಅವರ ಪಡಸಾಲೆಯಲ್ಲಿ ಕೂತು ದೇವರ ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತಿದ್ದೆವು. ಕೈ ಕೆಲಸದಲ್ಲಿದ್ದಾಗ, ಕೇಳುವವರು ನಡುವೆ ಬಾಯಿ ಹಾಕದಿದ್ದರೆ, ಒಳಗಿನ ಮಾತು ತಾನಾಗಿ ಹೊರಗೆ ಬರುತ್ತದೆ. ಮಾಸ್ತರರೂ ಆಮೇಲೆ ಕೆಲವು ಮಾತು ತಾವಾಗಿ ಹೇಳಿದರು. ಕೊನೆಯದಕ್ಕೆ ನಾನೇ ಎದುರಿಗಿದ್ದೆ.

ಮಾಸ್ತರರು ಗಲಗಲಿಯ ಅರ್ಚಕರ ಮನೆತನದವರು. ಅಣ್ಣ ಊರಲ್ಲಿ ಪೂಜೆ ನೋಡಿಕೊಂಡರೆ ಇವರು ಸಾಂಗಲಿಗೆ ಹೋಗಿ ಕಾಲೇಜು ಕಲಿತು ಬಂದರು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸದರಲ್ಲಿ ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿದರು. ಮನೆಯಲ್ಲಿ ಅರ್ಧ ಮರಾಠಿ, ಶಾಲೆಯಲ್ಲಿ ಕನ್ನಡ, ಓದುವ ಪುಸ್ತಕ ಇಂಗ್ಲಿಷು. ದನಿ ಮಾತ್ರ ಬಹಳ ಸಣ್ಣದು. ಹಿಂದಿನ ಬೆಂಚಿನವರು ಏನೂ ಕೇಳಿಸಲಿಲ್ಲವೆಂದು ಗಲಾಟೆ ಮಾಡಿದರೆ ಇವರು ಕೂಗುತ್ತಿರಲಿಲ್ಲ. ತಾವೇ ನಡೆದು ಹಿಂದಿನ ಬೆಂಚಿಗೆ ಹೋಗಿ ಅದೇ ಸಣ್ಣ ದನಿಯಲ್ಲಿ ಮತ್ತೊಮ್ಮೆ ಹೇಳುತ್ತಿದ್ದರು.

ಶಾಲೆಯಲ್ಲಿ ಸಲಕರಣೆ ಎಂಬುದು ಹೆಚ್ಚೇನೂ ಇರಲಿಲ್ಲ. ತೆಳ್ಳನೆಯ ಗಾಜಿನ ಬುರುಡೆ ಒಂದು, ಕೆಲವು ನಳಿಗೆಗಳು. ಮಾಸ್ತರರು ಅಕ್ಕಸಾಲಿಗರ ಓಣಿಯಿಂದ ಬೆಳ್ಳಿ ತೂಗುವ ಹಳೆಯ ತಕ್ಕಡಿಯೊಂದನ್ನು ತಂದುಕೊಂಡಿದ್ದರು. ಅದರಲ್ಲಿ ವರ್ಷಕ್ಕೊಮ್ಮೆ ಅನಿಲ ತೂಗಿ ತೋರಿಸುತ್ತಿದ್ದರು. ತೂಕದ ಕಲ್ಲಿನ ಬದಲು ಗುಲಗಂಜಿ. ಬುರುಡೆಯಲ್ಲಿ ಬರೀ ಗಾಳಿ ಇದ್ದಾಗ ಅದನ್ನು ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಉಸುಕು ಹಾಕಿ ಮುಳ್ಳನ್ನು ನೆಟ್ಟಗೆ ನಿಲ್ಲಿಸುವುದು. ಬುರುಡೆಯ ಅಳತೆಯಿಂದ ಅದರೊಳಗಿನ ಗಾಳಿ ಹತ್ತು ಗುಲಗಂಜಿಯಷ್ಟು ತೂಗುತ್ತದೆಂದು ಮೊದಲೇ ಲೆಕ್ಕ ಹಾಕಿ ಇಟ್ಟಿರುತ್ತಿದ್ದರು. ಆಮೇಲೆ ಸುಣ್ಣದ ಕಲ್ಲಿನ ಚೂರುಗಳ ಮೇಲೆ ತೇಜಾಬು ಎಂಬ ಆಮ್ಲ ಹನಿಸಿ, ಅದರಿಂದ ಏಳುವ ಅನಿಲವನ್ನು ನಳಿಗೆಯಿಂದ ಬುರುಡೆಯ ತಳಕ್ಕೆ ಬಿಡುವುದು. ಕಣ್ಣಿಗೆ ಏನೂ ಕಾಣುವುದಿಲ್ಲ. ಬುರುಡೆಯ ಬಾಯಿಗೆ ಹಿಡಿದ ಉರಿಯುವ ಕಡ್ಡಿ ತಟ್ಟನೆ ಆರಿತೆಂದರೆ ಬುರುಡೆ ತುಂಬಿತು ಎಂದು ತಿಳಿಯಬೇಕು. ಅದನ್ನು ತಿರುಗಿ ತಟ್ಟೆಯಲ್ಲಿಟ್ಟರೆ, ಏನೂ ಇಲ್ಲದಂತೆ ಕಾಣುವ ಬುರುಡೆ ತಟ್ಟೆಯನ್ನು ಕೆಳಕ್ಕೆ ಎಳೆಯುತ್ತಿತ್ತು. ಈ ಕಡೆ ಐದು ಗುಲಗಂಜಿ ಹಾಕಿದರೆ ಮುಳ್ಳು ಮತ್ತೆ ನೆಟ್ಟಗೆ. ಗಾಳಿ ಹತ್ತು ತೂಗುವ ಜಾಗದಲ್ಲಿ ಇದು ಹದಿನೈದು ತೂಗಿತು. ಅಂದರೆ ಗಾಳಿಗಿಂತ ಒಂದೂವರೆ ಪಟ್ಟು ಭಾರ.

"ಎರಡು ಚೀಲ ಅವ ಅಂತ ತಿಳೀರಿ" ಎಂದು ಮಾಸ್ತರರು ಮುಂದೆ ಹೇಳುತ್ತಿದ್ದರು. "ಎರಡರಾಗೂ ಕಾಳಿನ ಎಣಿಕಿ ಒಂದ. ಒಂದು ಚೀಲ ಭಾರ ಅದ ಅಂದ್ರ ಏನರ್ಥ? ಅದರೊಳಗಿನ ಒಂದೊಂದು ಕಾಳೂ ಭಾರ ಅದ. ಅನಿಲಾನೂ ಹಂಗ. ಒಂದ ಬಿಸಿ, ಒಂದ ಒತ್ತಡ ಇದ್ದಾಗ, ಒಂದ ಅಳತಿ ಪಾತ್ರೆಯೊಳಗ ಯಾವ ಅನಿಲ ತುಂಬಿದ್ರೂ ಅಣುಗಳ ಎಣಿಕಿ ಒಂದ. ಹಂಗಂದ ಮ್ಯಾಲೆ, ಪಾತ್ರೆ ತೂಗಿದ್ರ ಅಣು ತೂಗಿದಂಗ."

ಎಲ್ಲಕ್ಕಿಂತ ಹಗುರಾದ ಅನಿಲ ಜಲಜನಕ. ಗಾಳಿ ಅದಕ್ಕಿಂತ ಹದಿನಾಲ್ಕೂವರೆ ಪಟ್ಟು ಭಾರ. ಅದರ ಒಂದೂವರೆ ಪಟ್ಟು ಎಂದರೆ ಹತ್ತಿರ ಹತ್ತಿರ ಇಪ್ಪತ್ತೆರಡು. ಜಲಜನಕದ ಅಣುವಿಗೆ ಎರಡು ಎಂದು ತೂಕ ಹಿಡಿಯುವುದರಿಂದ ಇಪ್ಪತ್ತೆರಡರ ಎರಡು ಪಟ್ಟು, ನಲವತ್ನಾಲ್ಕು. ಬುರುಡೆಯೊಳಗಿನ ಇಂಗಾಲಾಮ್ಲದ, ಎಂದರೆ ಕಾರ್ಬನ್ ಡೈಆಕ್ಸೈಡಿನ, ಅಣುತೂಕ ನಲವತ್ನಾಲ್ಕು. ಬೆಳ್ಳಿಯ ತಕ್ಕಡಿ ಮತ್ತು ಗುಲಗಂಜಿಯಿಂದ, ಕಣ್ಣಿಗೆ ಕಾಣದ ವಸ್ತುವಿನ ಕಣ್ಣಿಗೆ ಕಾಣದ ಕಾಳನ್ನು ತೂಗಿದಂತಾಯಿತು ಎಂದು ಮಾಸ್ತರರು ಹಿಗ್ಗುತ್ತಿದ್ದರು.

ಊರಿಗೆ ಇದು ನಗೆಯ ವಿಷಯವಾಯಿತು. ಕಿರಾಣಿ ಅಂಗಡಿಯ ಪರಮಾನಂದ ಇವರು ಕಂಡಾಗಲೆಲ್ಲ ಕೆಣಕುತ್ತಿದ್ದ. "ಏನ್ರಿ ಮಾಸ್ತರ, ಇವತ್ತ ಗಾಳಿ ಸೇರಿಗೆ ಏನ್ ದರ?"

"ನಿನಗ ಗೊತ್ತಿರಬೇಕಲ್ಲೋ" ಎನ್ನುತ್ತಿದ್ದರು ಮಾಸ್ತರರು. "ಸಕ್ಕರಿ ಜೋಡಿ ದಿನಾ ಅದನ್ನೂ ತೂಗಿ ಕೊಡಾಂವ ನೀನ ಅಲ್ಲೇನು?"

ಅಂಗಡಿಯ ಮುಂದೆ ನಿಂತವರೆಲ್ಲ ನಗುತ್ತಿದ್ದರು, ಪರಮಾನಂದನೂ ನಗುತ್ತಿದ್ದ.

ಕರೆಪ್ಪ ಆ ಶಾಲೆಯಲ್ಲಿ ಮ್ಯಾಟ್ರಿಕ್‌ವರೆಗೆ ಕಲಿತವನು. ರನ್ನ ಬೆಳಗಲಿಯ ಒಕ್ಕಲಿಗರ ಮನೆಯವನು. ಅನಿಲ ತೂಗಿದ ದಿನ ಅವನು ಎದ್ದು ನಿಂತು, "ಹಂಗಾರ ಇದನ್ನ ನೀರಿನಂಗ ಸುರುವಬೌದೇನ್ರಿ?" ಎಂದು ಕೇಳಿದ್ದ. ಮಾಸ್ತರರು ಮೇಣಬತ್ತಿ ಹಚ್ಚಿ, ಬುರುಡೆಯನ್ನು ಅದರ ಮೇಲೆ ಬಗ್ಗಿಸಿದರು. ನೀರು ಸುರಿದಂತೆಯೇ ಬತ್ತಿ ಆರಿತು. ಅಂಥ ಪ್ರಶ್ನೆ ಕೇಳಿದವನನ್ನು ಮಾಸ್ತರರು ಮರೆಯುವವರಲ್ಲ. ಅವನು ಶಾಲೆ ಮುಗಿಸಿ ಹೊಲಕ್ಕೆ ತಿರುಗಿ ಹೋದ ಮೇಲೂ, ವರ್ಷದ ಜೋಳ ಅವನ ಮನೆಯಿಂದಲೇ ತರುವುದು ರೂಢಿಯಾಯಿತು. ಶ್ರಾವಣದಲ್ಲಿ ಮಾಸ್ತರರು ಸೈಕಲ್ಲಿನ ಮೇಲೆ ಹೋಗುತ್ತಿದ್ದರು. ಒಂದು ಹೊತ್ತು ಕೂತು ಮಾತಾಡಿ ಬರುತ್ತಿದ್ದರು. ಹಿಂದಿನಿಂದ ಸಂತೆಯ ಗಾಡಿಯಲ್ಲಿ ಚೀಲ ಬರುತ್ತಿತ್ತು.

ಆ ಮನೆಯಲ್ಲಿ ತಾಯಿ ಅನಸವ್ವ, ದೊಡ್ಡ ಮಗ ಮಲಕಾಜಪ್ಪ, ಅವನ ಹೆಂಡತಿ ಮರೆವ್ವ, ಸಣ್ಣವನು ಕರೆಪ್ಪ. ಮಲಕಾಜಪ್ಪ ಎತ್ತರದ ಆಳು, ನಗೆಚಾಟಿಕೆಯವನು. ತಮ್ಮನ ಶಾಲೆಯ ವೆಚ್ಚಕ್ಕೆಂದು ತಾನು ಎರಡು ಪಾಲು ದುಡಿದವನು. ಅವರ ಹಗೇವು ಮನೆಯ ಮುಂದಿನ ಎತ್ತರದ ಬಯಲಲ್ಲಿತ್ತು. ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು, ಒಳಗೆ ಹೋದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಸುತ್ತ ಜೋಳದ ಕಣಿಕೆ ಹಾಸಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ ಮೇಲೆ ಮಣ್ಣು ಮೆತ್ತುತ್ತಾರೆ.

ಹಗೇವು ತೆಗೆಯಲು ಒಂದು ರೀತಿ ಇದೆ. ಕಲ್ಲು ಸರಿಸಿದ ಕೂಡಲೇ ಯಾರೂ ಇಳಿಯುವುದಿಲ್ಲ. ಒಂದು ಹಗಲು ಬಾಯಿ ತೆರೆದಿಟ್ಟು, ಬೇವಿನ ಟೊಂಗೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸುತ್ತಾರೆ. ಆಮೇಲೆ ಕಂದೀಲು ಇಳಿಸುತ್ತಾರೆ. ಅದು ಆರದಿದ್ದರೆ ಮನುಷ್ಯ ಇಳಿಯಬಹುದು. ಒಳಗಿರುವುದನ್ನು ಅವರು ಕಾವು ಎನ್ನುತ್ತಾರೆ. ಕಾಳಿನ ಕಾವು. ಒಲೆಯ ಕಾವು ಮೇಲಕ್ಕೆ ಹೋಗುವ ಹಾಗೆ ಹಗೇವಿನ ಕಾವೂ ಬಾಯಿಂದ ತಾನಾಗಿ ಮೇಲಕ್ಕೆದ್ದು ಹೋಗುತ್ತದೆ, ಒಮ್ಮೆ ಹೋಯಿತೆಂದರೆ ಹೋಯಿತು ಎಂಬುದು ಹಿರಿಯರಿಂದ ಬಂದ ತಿಳಿವಳಿಕೆ.

ಆ ವರ್ಷ ನಾಗರ ಪಂಚಮಿ ಕಳೆದು ಎರಡು ದಿನವಾಗಿತ್ತು. ಮರೆವ್ವ ಹಬ್ಬಕ್ಕೆಂದು ತವರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಮಾಸ್ತರರು ಹೋದದ್ದರ ಹಿಂದಿನ ದಿನವೇ ಅಣ್ಣತಮ್ಮ ಕೂಡಿ ಹಗೇವು ತೆರೆದಿದ್ದರು. ಎಲ್ಲವನ್ನೂ ರೀತಿಯಂತೆ ಮಾಡಿದ್ದರು. ಕಂದೀಲು ಚೆನ್ನಾಗಿ ಉರಿದಿತ್ತು. ಮಲಕಾಜಪ್ಪ ಇಳಿದು ಮನೆಗೆ ಬೇಕಾದಷ್ಟು ಕಾಳು ತೆಗೆದು, ನಗುತ್ತಲೇ ಮೇಲೆ ಬಂದಿದ್ದ. ಸಂಜೆ ಮೋಡ ಕವಿದು ಹನಿ ಬೀಳತೊಡಗಿತು. ಒಳಗೆ ನೀರು ಇಳಿಯಬಾರದೆಂದು ತಿರುಗಿ ಚಪ್ಪಡಿ ಎಳೆದು ಮುಚ್ಚಿದರು. ಅಷ್ಟರಲ್ಲಿ ಸ್ವಲ್ಪ ನೀರು ಇಳಿದೇ ಇತ್ತು. ಒದ್ದೆಯಾದ ಕಾಳು ಮುಚ್ಚಿದ ಬಾಯಿಯ ಕೆಳಗೆ ಬಿಸಿಯಾಗಿ, ತನ್ನ ಉಸಿರನ್ನು, ಅದೇ ಇಂಗಾಲಾಮ್ಲವನ್ನು, ಮತ್ತೆ ಬಿಡತೊಡಗಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ.

ಮಾಸ್ತರರು ಬಂದು ಕಟ್ಟೆಯ ಮೇಲೆ ಕೂತರು. ಅನಸವ್ವ ಹಾಲು ಕಾಸಿ ಲೋಟದಲ್ಲಿ ತಂದುಕೊಟ್ಟಳು. ಮಲಕಾಜಪ್ಪ ಆಗಲೇ ಚಪ್ಪಡಿ ಸರಿಸಿ, ನಿಚ್ಚಣಿಕೆ ಇಳಿಬಿಟ್ಟು, ಬುಟ್ಟಿ ಕೈಗೆತ್ತಿಕೊಂಡಿದ್ದ.

"ಕಂದೀಲ ಇಳಿಸಿದ್ರೇನಪಾ?" ಎಂದು ಮಾಸ್ತರರು ಕೇಳಿದರು.

"ನಿನ್ನೇನ ಇಳಿಸೇವ್ರಿ. ಒಳಗ ಕೂತು ಎಲಿ ಅಡಿಕಿ ಹಾಕ್ಕೊಂಡು ಬಂದೇನಿ."

"ಇವತ್ತೊಂದ್ ಸಲ ಇಳಸ್ರಿ. ಮುಚ್ಚಿದ್ರಿ ಅಲ್ಲ?"

"ಹೋದ ಕಾವು ತಿರಗಿ ಬರ್ತೈತೇನ್ರಿ ಮಾಸ್ತರ? ನಿಮಗ ಗಾಳಿ ತೂಗಿ ತೂಗಿ, ಗಾಳಿ ಕಂಡ್ರ ಅಂಜಿಕಿ ಬಂದೈತಿ ನೋಡ್ರಿ."

ಕರೆಪ್ಪನೂ ನಕ್ಕ. ಮಾಸ್ತರರು ಮತ್ತೊಮ್ಮೆ, "ಅದು ಮ್ಯಾಲ ಹೋಗೂದಲ್ಲೋ, ತಳಕ್ಕ ಕೂಡೂದು" ಎಂದರು. ಅದೇ ಸಣ್ಣ ದನಿಯಲ್ಲಿ. ತಮಗಾಗಿಯೇ ಜೋಳ ತೆಗೆಯುತ್ತಿದ್ದಾರೆ, ತಾವು ಬಂದ ನೆಂಟರು, ಹೆಚ್ಚು ಹೇಳಿದರೆ ಮನೆಯವರ ರೀತಿಯನ್ನು ಹಳಿದಂತಾಗುತ್ತದೆ ಎಂದು ಹಿಂಜರಿದರು. ಹಾಲಿನ ಲೋಟ ಕೆಳಗಿಟ್ಟು ಏಳಬೇಕು ಎನ್ನುವಷ್ಟರಲ್ಲಿ ಮಲಕಾಜಪ್ಪನ ತಲೆ ನೆಲದ ಕೆಳಗೆ ಹೋಗಿತ್ತು.

"ಬೆಚ್ಚಗೈತಿ" ಎಂದು ಒಳಗಿನಿಂದ ಅವನು ಹೇಳಿದ್ದು ಕೇಳಿಸಿತು. ಆಮೇಲೆ ಬುಟ್ಟಿ ಬಿದ್ದ ಸದ್ದು.

ಬಾಯಲ್ಲಿ ಬಗ್ಗಿ ನೋಡಿದ ಕರೆಪ್ಪ, "ಅಣ್ಣಾ" ಎಂದ. ಮಲಕಾಜಪ್ಪ ಕಾಳಿನ ಮೇಲೆ ಮೊಣಕಾಲೂರಿ, ನಮಸ್ಕಾರ ಮಾಡುವವನಂತೆ ಮುಂದಕ್ಕೆ ಬಾಗಿ ಕೂತಿದ್ದ. ಎರಡನೆಯ ಸಲ ಕೂಗುತ್ತ ಕರೆಪ್ಪ ನಿಚ್ಚಣಿಕೆಗೆ ಕಾಲಿಟ್ಟ. ಮಾಸ್ತರರು ಹೇಗೆ ಅಷ್ಟು ದೂರ ಬಂದರೋ ಅವರಿಗೇ ನೆನಪಿಲ್ಲ. ಅವನ ನಡುವನ್ನು ಎರಡೂ ಕೈಯಿಂದ ತಬ್ಬಿ ಹಿಂದಕ್ಕೆ ಬಿದ್ದರು.

"ಬಿಡ್ರಿ! ಬಿಡ್ರಿ ಮಾಸ್ತರ!"

"ಇಳೀಬ್ಯಾಡೋ. ನೀನೂ ಹೋಗ್ತಿ. ಒಂದ ಉಸಿರಿಗೆ ಹೋಗ್ತಿ."

"ನನಗ ಗೊತ್ತೈತ್ರಿ! ನಲವತ್ನಾಲ್ಕು! ನೀವ ಕಲಿಸೀರಿ! ಬಿಡ್ರಿ ಅಂದ್ರ!"

ಅವನು ಮೊಣಕೈಯಿಂದ ಹೊಡೆದದ್ದಕ್ಕೆ ಮಾಸ್ತರರ ಮುಂದಿನ ಹಲ್ಲೊಂದು ಮುರಿಯಿತು. ಆದರೂ ಬಿಡಲಿಲ್ಲ. ಗದ್ದಲ ಕೇಳಿ ಪಕ್ಕದ ಮನೆಯ ಶಿದ್ರಾಮಪ್ಪ ಓಡಿಬಂದ. ಹಿಂದೆ ಇನ್ನೂ ಕೆಲವರು ಬಂದರು. ಶಿದ್ರಾಮಪ್ಪ ಗಟ್ಟಿ ಆಳು, ಕರೆಪ್ಪನ ಎರಡೂ ತೋಳು ಹಿಂದಕ್ಕೆ ಹಿಡಿದ. ಯಾರೋ ಬಾವಿಯ ಹಗ್ಗ ಬಿಚ್ಚಿ ತಂದರು. ಅದರ ತುದಿಯಲ್ಲಿ ಬಕೀಟು ಇನ್ನೂ ಹಾಗೇ ಇತ್ತು.

"ಹಗ್ಗ ನನ್ನ ನಡಕ್ಕ ಕಟ್ರಿ" ಎಂದು ಕರೆಪ್ಪ ಒದ್ದಾಡಿದ. "ಉಸರ ಹಿಡಕೊಂಡ ಇಳೀತೇನಿ. ಅಣ್ಣಗ ಕಟ್ಟಿ ಬರ್ತೇನಿ. ಕಟ್ರಿ!"

ಹಗ್ಗ ಮಾಸ್ತರರ ಕೈಯಲ್ಲಿತ್ತು. ಮೊದಲು ಬಕೀಟು ಬಿಚ್ಚಿ, ಕಂದೀಲು ಹಚ್ಚಿಸಿ ಹಗ್ಗಕ್ಕೆ ಕಟ್ಟಿ ಬಿಟ್ಟರು. ಬಾಯಿಂದ ಒಂದು ಮೊಳ ಕೆಳಗೆ ಹೋದದ್ದೇ ತಡ, ಯಾರೋ ಬೆರಳಿನಿಂದ ಒತ್ತಿದಂತೆ ಉರಿ ಆರಿತು. ಹಗೇವಿನಲ್ಲಿ ಆ ಅನಿಲ ಬಾಯಿತನಕ ತುಂಬಿತ್ತು. ಅಷ್ಟು ಆಳ ಇಳಿದು, ಅಷ್ಟು ದೊಡ್ಡ ಆಳಿಗೆ ಹಗ್ಗ ಕಟ್ಟುವವರೆಗೆ ಯಾರೂ ಉಸಿರು ಹಿಡಿಯಲಾರರು ಎಂದು ಮಾಸ್ತರರಿಗೆ ಅನಿಸಿತು. ಅವರು ಹಗ್ಗವನ್ನು ಕರೆಪ್ಪನಿಗೆ ಕಟ್ಟಲಿಲ್ಲ. ತಿರುಗಿ ಬಕೀಟಿಗೇ ಕಟ್ಟಿದರು.

ಆಮೇಲೆ ನಡೆದದ್ದನ್ನು ನೋಡಿದ ಜನ ಬಹಳ ವರ್ಷ ಹೇಳಿಕೊಂಡರು. ಮಾಸ್ತರರು ಖಾಲಿ ಬಕೀಟನ್ನು ಹಗೇವಿಗೆ ಇಳಿಸಿದರು, ಮೇಲಕ್ಕೆ ಎಳೆದರು, ತುಂಬಿದ ನೀರನ್ನು ಒಯ್ಯುವ ಹಾಗೆ ಎರಡೂ ಕೈಯಲ್ಲಿ ಜೋಕೆಯಿಂದ ಹಿಡಿದು ದೂರ ಒಯ್ದು ನೆಲಕ್ಕೆ ಸುರಿದರು. ಅದರಿಂದ ಏನೂ ಬೀಳಲಿಲ್ಲ. ತಿರುಗಿ ಓಡಿಬಂದು ಮತ್ತೆ ಇಳಿಸಿದರು. ಬಾಯಿಂದ ರಕ್ತ ಅಂಗಿಯ ಮೇಲೆ ಇಳಿಯುತ್ತಿತ್ತು.

"ಮಾಸ್ತರಗ ತಲಿ ತಿರಗಿತು" ಎಂದ ಒಬ್ಬ. "ಖಾಲಿ ಬಕೀಟ ಎಳ್ಯಾಕತ್ತಾರ ನೋಡ್ರಿ."

"ಖಾಲಿ ಅಲ್ಲ" ಎಂದರು ಮಾಸ್ತರರು. "ಕಂಬಳಿ ತರ್ರಿ. ಬೀಸ್ರಿ. ನಿಂತು ನೋಡಬ್ಯಾಡ್ರಿ."

ಅವರ ದನಿ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಕೇಳಿಸಿದ್ದು ಅನಸವ್ವನಿಗೆ. ಅವಳು ಅಳುತ್ತಿರಲಿಲ್ಲ. ಬಂದು ಹಗ್ಗದ ಇನ್ನೊಂದು ಕಡೆ ಹಿಡಿದಳು.

"ಏನೂ ಇಲ್ಲಲ್ರಿ ಇದರಾಗ" ಎಂದಳು, ಮೇಲೆ ಬಂದ ಬಕೀಟಿನೊಳಗೆ ನೋಡಿ.

"ಅದ ಅವ್ವಾ. ಕಾಣೂದಿಲ್ಲ. ಒಯ್ದು ದೂರ ಸುರುವು."

ಅವಳು ಒಯ್ದು ಸುರಿದಳು. ತಾಯಿಯೇ ಕೈ ಹಚ್ಚಿದ್ದನ್ನು ನೋಡಿ ಉಳಿದವರೂ ಬಂದರು. ಕೊಡ, ಚರಿಗೆ, ಹಗ್ಗಕ್ಕೆ ಕಟ್ಟಲು ಸಿಕ್ಕಿದ್ದನ್ನೆಲ್ಲ ಇಳಿಸಿದರು. ಇಬ್ಬರು ಕಂಬಳಿ ಬೀಸಿದರು. ಕರೆಪ್ಪನನ್ನು ಶಿದ್ರಾಮಪ್ಪ ಬಿಡಲೇ ಇಲ್ಲ. ಅವನು ಕೂಗಿ ಕೂಗಿ ದನಿ ಹೋಗಿ, ನೆಲದ ಮೇಲೆ ಕೂತು ಆ ಖಾಲಿ ಬಕೀಟುಗಳು ಹೋಗಿ ಬರುವುದನ್ನು ನೋಡುತ್ತಿದ್ದ. ಮಾಸ್ತರರು ನಡುನಡುವೆ ಕಂದೀಲು ಇಳಿಸುತ್ತಿದ್ದರು. ಅದು ಒಂದೊಂದು ಸಲಕ್ಕೆ ಒಂದಿಷ್ಟು ಕೆಳಗೆ ಹೋಗಿ ಆರುತ್ತಿತ್ತು. ಅಷ್ಟೇ. ಅವರ ಕೈಯಲ್ಲಿ ಆಗುವುದು ಅಷ್ಟೇ ಇತ್ತು.

ಕೊನೆಗೆ ಕಂದೀಲು ಮಲಕಾಜಪ್ಪನ ಬೆನ್ನಿನ ಹತ್ತಿರ ಹೋಗಿಯೂ ಉರಿಯಿತು. ಆಗ ಮಾಸ್ತರರು ತಾವೇ ಕರೆಪ್ಪನ ನಡುವಿಗೆ ಹಗ್ಗ ಕಟ್ಟಿದರು. ಅವನು ಇಳಿದು ಅಣ್ಣನನ್ನು ತಂದ. ಮೈ ಇನ್ನೂ ಬೆಚ್ಚಗಿತ್ತು. ಕಾಳಿನ ಬಿಸಿಗೋ, ಜೀವದ ಬಿಸಿಗೋ ಯಾರಿಗೂ ತಿಳಿಯಲಿಲ್ಲ. ಎದೆ ತಿಕ್ಕಿದರು, ಮುಖಕ್ಕೆ ನೀರು ಹೊಡೆದರು. ಮುಧೋಳದಿಂದ ಡಾಕ್ಟರು ಬರುವ ಹೊತ್ತಿಗೆ ಆ ಬಿಸಿಯೂ ಇರಲಿಲ್ಲ.

ಅಂದು ಸಂಜೆ ಮಾಸ್ತರರು ಸೈಕಲ್ಲು ತಳ್ಳಿಕೊಂಡು ನಡೆದೇ ಬಂದರು. ರಾಧಾಬಾಯಿ ರೊಟ್ಟಿ ಬಡಿದಿಟ್ಟಿದ್ದರು. ಮಾಸ್ತರರು ತಾಟಿನ ಮುಂದೆ ಕೂತು, ಮುರಿದ ಹಲ್ಲಿನಿಂದ ಹೇಗೆ ತಿನ್ನಲಿ ಎಂದರಂತೆ. ರಾಧಾಬಾಯಿ ಅದನ್ನೇ ನಂಬಿ ಹಾಲಿನಲ್ಲಿ ಅನ್ನ ಕಲಸಿ ಕೊಟ್ಟರು. ಹಲ್ಲಿನ ಗಾಯ ಮಾಯಿತು, ರೊಟ್ಟಿ ಮಾತ್ರ ತಿರುಗಿ ತಾಟಿಗೆ ಬರಲಿಲ್ಲ.

"ಖರೇ ಹೇಳ್ತೀನಿ ಅಕ್ಕಾ" ಎಂದು ರಾಧಾಬಾಯಿ ಬತ್ತಿ ಹೊಸೆಯುತ್ತ ನನಗೆ ಹೇಳಿದರು. "ಊರ ಮಂದಿ ಇವರನ್ನ ಹೊಗಳ್ತಾರ. ಒಬ್ಬರ ಹಿಂದ ಒಬ್ಬರು ಇಳದು ಮೂರು ಹೆಣ ಬೀಳ್ತಿದ್ದು, ಮಾಸ್ತರ ಉಳಿಸಿದ್ರು ಅಂತಾರ. ಇವರು ಆ ಮಾತು ಬಂದ ಕೂಡ್ಲೆ ಎದ್ದು ಹೋಗ್ತಾರ. ಹೊಗಳಿಕಿ ಬ್ಯಾಡಾಗ್ಯದ. ಆ ಕರೆಪ್ಪ ಒಂದ್ ಮಾತಾಡಿದ್ರ ಸಾಕಾಗ್ಯದ."

ಕರೆಪ್ಪ ಮಾತಾಡಲಿಲ್ಲ. ಮಲಕಾಜಪ್ಪನ ಮಣ್ಣಾದ ಮೇಲೆ ಮಾಸ್ತರರು ಅವನ ಮನೆಗೆ ಹೋದರು. ಇವರು ಕಟ್ಟೆ ಹತ್ತುವುದನ್ನು ಕಂಡು ಅವನು ಎದ್ದು ದನದ ಕೊಟ್ಟಿಗೆಗೆ ಹೋದ. ಇನ್ನೊಮ್ಮೆ ಹೋದಾಗ ಅವನು ಹಗೇವಿಗೆ ಕಲ್ಲು ಮಣ್ಣು ತುಂಬುತ್ತಿದ್ದ. ಮಾಸ್ತರರು ತಾವೂ ಒಂದು ಬುಟ್ಟಿ ಮಣ್ಣು ಎತ್ತಲು ಹೋದರು. ಕರೆಪ್ಪ ಸಲಿಕೆ ಅಲ್ಲೇ ಬಿಟ್ಟು ಹೊಲದ ಕಡೆ ನಡೆದ. ಶಾಲೆಯ ಆ ಪಾಠ ಬಂದಾಗ ಮಾಸ್ತರರು ತಕ್ಕಡಿ ತೆಗೆಯಲಿಲ್ಲ, ಹಲಗೆಯ ಮೇಲೆ ಲೆಕ್ಕ ಬರೆದು ಮುಗಿಸಿದರು. ತಕ್ಕಡಿ, ಬುರುಡೆ, ಗುಲಗಂಜಿ ಎಲ್ಲ ಒಂದು ಅರಿವೆಯಲ್ಲಿ ಸುತ್ತಿಕೊಂಡು ಮನೆಯ ಅಟ್ಟಕ್ಕೆ ಬಂದವು.

ಮರುವರ್ಷ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ನಾವು ಬತ್ತಿ ಹೊಸೆಯುತ್ತ, ಮಾಸ್ತರರು ಅಲ್ಲೇ ಓದುತ್ತ ಕೂತಿದ್ದಾಗ ಬಾಗಿಲ ಮುಂದೆ ಎತ್ತಿನ ಗಾಡಿ ನಿಂತಿತು. ಅನಸವ್ವ ಇಳಿದು ಒಳಗೆ ಬಂದಳು. ಬಗಲಲ್ಲಿ ಒಂದು ಸಣ್ಣ ಜೋಳದ ಚೀಲ. ಗಾಡಿ ಹೊಡೆದುಕೊಂಡು ಬಂದವನು ಕೆಳಗಿಳಿಯಲಿಲ್ಲ. ಅವನು ಕರೆಪ್ಪನೆಂದು ಮಾಸ್ತರರು ಎದ್ದು ನಿಂತ ರೀತಿಯಿಂದಲೇ ನನಗೆ ತಿಳಿಯಿತು.

ಅನಸವ್ವ ಚೀಲವನ್ನು ರಾಧಾಬಾಯಿಯ ಮುಂದೆ ಇಟ್ಟಳು. "ಆ ಹಗೇವಿಂದಲ್ಲ ತಾಯಿ. ಅದನ್ನ ಮುಚ್ಚೇವಿ. ಇದು ಹೊಸಾ ಜ್ವಾಳ." ಆಮೇಲೆ ಮಾಸ್ತರರ ಕಡೆ ತಿರುಗಿದಳು. "ಮಾಸ್ತರ, ನೀವು ತೂಗಿ ತೋರಸ್ತೀರಿ ಅಂತಲ್ಲ. ನನಗೂ ತೋರಸ್ರಿ."

"ಏನನ್ನ, ಅವ್ವಾ?"

"ನನ್ನ ಮಗನ್ನ ತಿಂದದ್ದನ್ನ. ಬಕೀಟದಾಗ ನನಗ ಕಾಣಲಿಲ್ಲ."

ಮಾಸ್ತರರು ಅಟ್ಟದ ಗಂಟು ಇಳಿಸಿದರು. ತಕ್ಕಡಿಯನ್ನು ಪಡಸಾಲೆಯ ಕೊಂಡಿಗೆ ತೂಗುಹಾಕಿ, ಉಸುಕು ಹಾಕಿ ಮುಳ್ಳು ನಿಲ್ಲಿಸಿದರು. ಸುಣ್ಣದ ಕಲ್ಲು ನಮ್ಮಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ತೇಜಾಬು ಸೀಸೆಯ ತಳದಲ್ಲಿ ಇನ್ನೂ ಇತ್ತು. ಬುರುಡೆಯ ಬಾಯಿಗೆ ಹಿಡಿಯಲು ಉರಿ ಬೇಕೆಂದಾಗ ರಾಧಾಬಾಯಿ ದೇವರ ದೀಪದಿಂದ ಒಂದು ಬತ್ತಿ ಹಚ್ಚಿ ಕೊಟ್ಟರು. ಅದು ಆರಿತು. ಮಾಸ್ತರರು ಬುರುಡೆಯನ್ನು ತಟ್ಟೆಯ ಮೇಲಿಟ್ಟು ಕೈ ತೆಗೆದರು. ಏನೂ ಇಲ್ಲದ ಗಾಜು ತಟ್ಟೆಯನ್ನು ಕೆಳಕ್ಕೆ ಎಳೆಯಿತು.

ಮಾಸ್ತರರು ಗುಲಗಂಜಿಯ ಡಬ್ಬಿಯನ್ನು ಅನಸವ್ವನ ಕೈಗೆ ಕೊಟ್ಟರು. ಅವಳು ದಪ್ಪ ಬೆರಳುಗಳಿಂದ ಒಂದೊಂದೇ ಎತ್ತಿ ಆ ಕಡೆಯ ತಟ್ಟೆಗೆ ಹಾಕಿದಳು. ಐದನೆಯದಕ್ಕೆ ಮುಳ್ಳು ನೆಟ್ಟಗೆ ನಿಂತಿತು. ಅವಳು ಆರನೆಯದನ್ನು ಕೈಯಲ್ಲೇ ಹಿಡಿದುಕೊಂಡಳು.

"ಇಷ್ಟ ಏನ್ರಿ?"

"ಇಷ್ಟ, ಅವ್ವಾ."

"ಕೂಸಿನ ಕೊಳ್ಳಾಗ ಕಟ್ಟೂವಷ್ಟು ಗುಲಗಂಜಿ" ಎಂದಳು ಅನಸವ್ವ. "ಇಷ್ಟು ಬುರಡಿಯಾಗ ಇಷ್ಟು. ಹಗೇವಿನ ತುಂಬ ಎಷ್ಟಿತ್ತೋ."

ಆ ಲೆಕ್ಕ ಮಾಸ್ತರರು ಹೇಳಬಲ್ಲವರು. ಅವರು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ಮುಚ್ಚಳ ಹಾಕಿದರು.

ಅನಸವ್ವ ಬಾಗಿಲಿಗೆ ಹೋಗಿ ಕರೆದಳು. "ಕರೆಪ್ಪಾ, ಒಳಗ ಬಾರೋ. ನೋಡ ಬಾ."

"ನಾ ನೋಡೇನಿ ಬೇ" ಎಂದ ಅವನು, ಎತ್ತಿನ ಕಡೆಗೇ ಮುಖ ಮಾಡಿ. "ಸಾಲ್ಯಾಗ ನೋಡೇನಿ."

ಅಷ್ಟು ಮಾತು ಕೇಳಿದ್ದೇ ಮಾಸ್ತರರು ಬರಿಗಾಲಲ್ಲಿ ಹೊರಗೆ ಹೋಗಿ ಗಾಡಿಯ ಗಾಲಿಯ ಹತ್ತಿರ ನಿಂತರು. ನಾವು ಬಾಗಿಲ ಒಳಗಿದ್ದೆವು.

"ಕರೆಪ್ಪಾ."

ಅವನು ಬಹಳ ಹೊತ್ತು ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಆಮೇಲೆ ಕೇಳಿದ. "ಆ ಹಗ್ಗ ಬಕೀಟಿಗೆ ಕಟ್ಟೂ ಬದಲಿ ನನಗ ಕಟ್ಟಿ ಬಿಟ್ಟಿದ್ರ, ಅಣ್ಣ ಉಳೀತಿದ್ದನೋ ಇಲ್ಲೋ? ಅಷ್ಟ ಹೇಳ್ರಿ."

ಮಾಸ್ತರರ ಕೈ ಗಾಲಿಯ ಕಬ್ಬಿಣದ ಪಟ್ಟಿಯ ಮೇಲಿತ್ತು. ಉಳಿಯುತ್ತಿರಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಅವನು ಅದನ್ನು ಇಟ್ಟುಕೊಂಡು ಬದುಕಬಹುದಿತ್ತೇನೋ. ಅವರೂ ಬದುಕಬಹುದಿತ್ತು.

"ಗೊತ್ತಿಲ್ಲೋ" ಎಂದರು ಮಾಸ್ತರರು. "ನೀ ಹೋಗ್ತಿದ್ದಿ ಅಂಬೂದು ಗೊತ್ತಿತ್ತು. ಅಂವಾ ಆಗ ಇದ್ದನೋ ಇಲ್ಲೋ, ಅದು ನನಗ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಹೇಳಾಕ ನಿಮಗೂ ವರ್ಷ ಬೇಕಾತು, ಕೇಳಾಕ ನನಗೂ ವರ್ಷ ಬೇಕಾತು."

ಅವನ ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಅನಸವ್ವ ಗಾಡಿ ಹತ್ತಿದಳು. ಕೈಯಲ್ಲಿ ಹಿಡಿದ ಗುಲಗಂಜಿಯನ್ನು ಕೊಡಲು ಮರೆತಿದ್ದಳು, ಅಥವಾ ಬೇಕೆಂದೇ ಇಟ್ಟುಕೊಂಡಳು. ಎತ್ತುಗಳು ತಿರುಗಿದವು. ಗಾಡಿ ಓಣಿಯ ಮೂಲೆ ಕಳೆಯುವವರೆಗೆ ಮಾಸ್ತರರು ಬೀದಿಯಲ್ಲೇ ನಿಂತಿದ್ದರು. ಕರೆಪ್ಪ ಹೊರಳಿ ನೋಡಲಿಲ್ಲ.

ಒಳಗೆ ಬಂದವರು ತಕ್ಕಡಿಯನ್ನು ಮುಟ್ಟಲಿಲ್ಲ, ಗೋಡೆಗೆ ಒರಗಿ ಕೂತರು. ರಾಧಾಬಾಯಿ ಅನಸವ್ವ ತಂದ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಕಾಳು ಅಂಗೈಯಲ್ಲಿ ಹಿಡಿದು ತೋರಿಸಿದರು. ಬೆಳ್ಳಗೆ, ದುಂಡಗೆ, ಒಳ್ಳೆಯ ಜೋಳ.

"ಒಂದಿಷ್ಟು ಬೀಸ್ಲೇನ್ರಿ? ಅವರು ಮನಸ್ಸು ಮಾಡಿ ತಂದಾರ."

"ಇರಲಿ" ಎಂದರು ಮಾಸ್ತರರು.

ಕರೆಪ್ಪ ಆಮೇಲೆ ಬರಲಿಲ್ಲ. ಜಮಖಂಡಿಯ ಸಂತೆಯಲ್ಲಿ ಎದುರಾದರೆ ನಿಂತು ಕೈ ಮುಗಿಯುತ್ತಿದ್ದನಂತೆ, ಮಾತಿಲ್ಲ. ಮಾಸ್ತರರೂ ಕೈ ಮುಗಿಯುತ್ತಿದ್ದರು. ರಾಧಾಬಾಯಿ ಆ ಚೀಲವನ್ನು ದೇವರ ಕೋಣೆಯ ಮೂಲೆಯಲ್ಲಿ ಇಟ್ಟಿದ್ದರು. ಯಾರಿಗಾದರೂ ಕೊಟ್ಟುಬಿಡಲು ಅವರಿಗೆ ಮನಸ್ಸಾಗಲಿಲ್ಲ, ಬೀಸಲು ಮಾಸ್ತರರು ಹೂಂ ಅನ್ನಲಿಲ್ಲ. ಹುಳ ಹತ್ತಬಾರದೆಂದು ಅಮಾವಾಸ್ಯೆ ಕಳೆದ ಮೇಲೆ ಅದನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವುತ್ತಿದ್ದರು. ಸಂಜೆ ಬಳಿದು ತಿರುಗಿ ಚೀಲಕ್ಕೆ ತುಂಬುತ್ತಿದ್ದರು. ಒಮ್ಮೆ ನಾನೂ ಮೊರ ಹಿಡಿದು ಅವರಿಗೆ ನೆರವಾದೆ. ಕೆಳಗೆ ಪಡಸಾಲೆಯಲ್ಲಿ ಮಾಸ್ತರರು ಪಾಠದ ಪುಸ್ತಕ ಓದುತ್ತಿದ್ದದ್ದು, ಕಿವಿಗೊಟ್ಟು ಕೇಳಿದರೆ ಮಾತ್ರ, ಮೆಲ್ಲಗೆ ಕೇಳಿಸುತ್ತಿತ್ತು.